ಬಲ್ಮಠದಿಂದ ಕಾಲ್ವ್‌ವರೆಗೆ: ಕಾಗದದಲ್ಲಿ ಬಾಳಿದ ಒಂದು ಸಂಸಾರ

ಆಟಿ ತಿಂಗಳಲ್ಲಿ ಹಳೆಯ ಮಂಗಳೂರಿನ ಬಂದರಿಗೆ ಕೆಲಸವಿರಲಿಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆ ಕೂಡಿ ಕಡಲು ಸೇರುವ ಅಳಿವೆಯಲ್ಲಿ ಅಲೆ ಎದ್ದರೆ ಮಂಜಿ, ಪತ್ತೆಮಾರಿಗಳು ದಡ ಹತ್ತಿ ಮಡಲಿನ ಮರೆಯಲ್ಲಿ ಮಲಗುತ್ತಿದ್ದವು. ಮುಂಬಯಿಯ ಕಡೆ ಹೋಗಬೇಕಾದ ಕಾಗದ ಟಪ್ಪಾಲಿನವನ ಹೆಗಲೇರಿ, ಮಳೆಯಲ್ಲಿ ತೊಯ್ಯುತ್ತ ನೆಲದ ದಾರಿ ಹಿಡಿಯಬೇಕು. ಅಲ್ಲಿಂದ ಮುಂದೆ ಯುರೋಪಿನ ಹಡಗು. ಹಾಯಿ ಹಡಗು ಆಫ್ರಿಕಾದ ತುದಿ ಬಳಸಿ ಹೋದರೆ ನಾಲ್ಕೈದು ತಿಂಗಳು. 1830ರ ದಶಕದ ಕೊನೆಗೆ ಕೆಂಪು ಸಮುದ್ರದಲ್ಲಿ ಹಬೆ ಹಡಗು ಓಡಾಡಲು ತೊಡಗಿ, ಈಜಿಪ್ಟಿನ ಮರಳುಗಾಡನ್ನು ಗಾಡಿ, ಒಂಟೆಗಳಲ್ಲಿ ದಾಟಿಸುವ ಏರ್ಪಾಡಾದ ಮೇಲೆ ಎರಡು ತಿಂಗಳಿಗೆ ಇಳಿಯಿತು. ಮಗುವಿಗೆ ಜ್ವರ ಎಂದು ಬರೆದ ಕಾಗದ ಅಜ್ಜಿಗೆ ಸಿಕ್ಕುವ ಹೊತ್ತಿಗೆ ಮಗು ಎದ್ದು ಓಡಾಡುತ್ತಿರಬಹುದು. ಇಲ್ಲ, ಮಣ್ಣು ಸೇರಿ ಅದರ ಮೇಲೆ ಹುಲ್ಲು ಬೆಳೆದಿರಬಹುದು.

ಹೀಗೆ ತಡವಾಗಿ ತಲುಪುವ ಕಾಗದವನ್ನೇ ನಂಬಿ ಮೂರು ತಲೆಮಾರು ಬದುಕಿದ ಒಂದು ಸಂಸಾರವಿದೆ. ಸಾಹಿತ್ಯ ಓದುವವರಿಗೆ ಅದರ ಕೊನೆಯ ಕುಡಿ ಪರಿಚಿತ: ‘ಸಿದ್ಧಾರ್ಥ’ ಬರೆದ, 1946ರಲ್ಲಿ ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ. ಮಲಯಾಳಿಗಳಿಗೆ ಹಿರಿಯ ತಲೆ ಪರಿಚಿತ: ಅವರ ಭಾಷೆಗೆ ನಿಘಂಟು, ವ್ಯಾಕರಣ ಬರೆದುಕೊಟ್ಟ ಹೆರ್ಮನ್ ಗುಂಡರ್ಟ್. ನಡುವಿನ ತಲೆಮಾರು, ಅಂದರೆ ಗುಂಡರ್ಟರ ಮಗಳು ಮರೀ ಮತ್ತು ಅಳಿಯ ಯೋಹಾನ್ನೆಸ್ ಹೆಸ್ಸೆ, ಇಬ್ಬರ ನೆರಳಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮಂಗಳೂರಂತೂ ಈ ಕತೆಯಲ್ಲಿ ತನಗೊಂದು ಪಾಲಿದೆ ಎಂದು ಕೇಳಿದ್ದೇ ಇಲ್ಲ. ಅಜ್ಜ ಈ ಕರಾವಳಿಯಲ್ಲಿ ಮಿಶನಿನ ಬಾಳು ತೊಡಗಿದ್ದು ಇಲ್ಲಿ, ಅವರ ನಿಘಂಟು ಅಚ್ಚಾದದ್ದು ಇಲ್ಲಿ, ಅಪ್ಪ ಬಂದಿಳಿದದ್ದು ಇಲ್ಲಿ.

ಅವರು ದುಡಿದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪ್ರಚಾರ ಸಂಸ್ಥೆ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದಕ್ಕೆ ಬೇಕಾದ ಯುವಕರು ಹೆಚ್ಚಾಗಿ ಬರುತ್ತಿದ್ದದ್ದು ಪಕ್ಕದ ಜರ್ಮನ್ ಸೀಮೆ ವ್ಯುರ್ಟೆಂಬೆರ್ಗ್‌ನಿಂದ. 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಪಾದ್ರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ಕೊನೆಗೆ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಎರಡು ವರ್ಷ ಬಿಟ್ಟು ಬಂದವರು ಹೆರ್ಮನ್ ಮೊಗ್ಲಿಂಗ್. ಇವರ ಹೆಸರು ಪ್ರತಿ ವರ್ಷ ಜುಲೈ 1ಕ್ಕೆ ನಮ್ಮ ಪತ್ರಕರ್ತರ ಭಾಷಣಗಳಲ್ಲಿ ತಪ್ಪದೆ ಬರುತ್ತದೆ. 1843ರ ಆ ದಿನ ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಭಾಷಣದಲ್ಲಿ ಬಾರದ ಸಂಗತಿಯೆಂದರೆ, ಮೊಗ್ಲಿಂಗ್ ಅದಕ್ಕೂ ಮೊದಲು ಮತ್ತು ಆಮೇಲೆಯೂ ದೊಡ್ಡ ಕಾಗದದ ಮನುಷ್ಯ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ ಗೆಳೆಯರನ್ನು ಒಬ್ಬೊಬ್ಬರಾಗಿ ಈ ಕಡಲ ತಡಿಗೆ ಸೆಳೆದ ಸೂತ್ರಗಳಲ್ಲಿ ಆ ಕಾಗದಗಳೂ ಸೇರಿದ್ದವು. ಸಂಬಂಧಿಯಾದ ಗಾಟ್‌ಫ್ರೀಡ್ ವೈಗಲ್ ಬಂದರು. ಗುಂಡರ್ಟ್ ಬಂದದ್ದು ಮಾತ್ರ ಸುತ್ತುಬಳಸಿನ ದಾರಿಯಲ್ಲಿ.

1814ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಗುಂಡರ್ಟ್ ಟ್ಯೂಬಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು 1836ರಲ್ಲಿ ಮದರಾಸಿಗೆ ಬಂದದ್ದು ಯಾವ ಮಿಶನಿನ ಸಂಬಳದವರಾಗಿಯೂ ಅಲ್ಲ. ಆಂಟನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮನುಷ್ಯನ ಮಕ್ಕಳಿಗೆ ಮನೆಮೇಷ್ಟರಾಗಿ. ಈ ಗ್ರೋವ್ಸ್ ಹಲ್ಲಿನ ವೈದ್ಯ. ಕೈತುಂಬ ಬರುತ್ತಿದ್ದ ವೃತ್ತಿ ಬಿಟ್ಟು ಸುವಾರ್ತೆ ಸಾರಲು ಬಗ್ದಾದ್‌ಗೆ ಹೋಗಿದ್ದಾತ. ಆತ ಭಾರತಕ್ಕೆ ಕರೆತಂದ ತಂಡದಲ್ಲಿ ಜೂಲಿ ದುಬೊವಾ ಇದ್ದಳು. ಫ್ರೆಂಚ್ ಮಾತಾಡುವ ಸ್ವಿಸ್ ಸೀಮೆ ನ್ಯೂಶಾಟೆಲ್‌ನವಳು, ವಯಸ್ಸಿನಲ್ಲಿ ಗುಂಡರ್ಟ್‌ಗಿಂತ ನಾಲ್ಕೂವರೆ ವರ್ಷ ದೊಡ್ಡವಳು. 1838ರ ಜುಲೈಯಲ್ಲಿ ಚಿತ್ತೂರಿನಲ್ಲಿ ಇಬ್ಬರ ಮದುವೆಯಾಯಿತು. ಅದೇ ವರ್ಷ ಗ್ರೋವ್ಸ್‌ನ ತಂಡ ಬಿಟ್ಟು ಬಾಸೆಲ್ ಮಿಶನ್ ಸೇರಿ, ನವೆಂಬರಿನಲ್ಲಿ ಮಂಗಳೂರಿಗೆ ಬಂದರು. ಮಂಗಳೂರಿನ ವಾಸ ಉದ್ದವಾಗಿರಲಿಲ್ಲ. 1839ರ ಏಪ್ರಿಲ್‌ನಲ್ಲಿ ತಲಶ್ಶೇರಿಯ ಇಲ್ಲಿಕುನ್ನಿಗೆ ಹೋಗಿ ನೆಲೆಸಿದರು. ಅಲ್ಲಿ ಬಂಗಲೆ ಬಿಟ್ಟುಕೊಟ್ಟವನು ಸ್ಟ್ರೇಂಜ್ ಎಂಬ ನ್ಯಾಯಾಧೀಶ. ಆದರೂ ಕರಾವಳಿಯ ಮಿಶನಿನ ತಲೆಮನೆ ಮಂಗಳೂರೇ. ಸಭೆ ಇಲ್ಲಿ, ಅಚ್ಚುಮೊಳೆ ಇಲ್ಲಿ. ಸಾಯಲು ಹೊರಟವರಿಗೂ ಸಾವಿನಿಂದ ತಪ್ಪಿಸಿಕೊಂಡು ಊರಿಗೆ ಮರಳುವವರಿಗೂ ತಂಗುದಾಣ ಇಲ್ಲಿ.

ದಿನಚರಿಯೆಂಬ ಲೆಕ್ಕದ ಪುಸ್ತಕ

ಗುಂಡರ್ಟರ 1837ರಿಂದ 1859ರವರೆಗಿನ ದಿನಚರಿಯನ್ನು ಆಲ್ಬ್ರೆಕ್ಟ್ ಫ್ರೆಂಟ್ಸ್ ಎಂಬ ಜರ್ಮನ್ ವಿದ್ವಾಂಸರು 1983ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಮಹಾಪಂಡಿತನ ದಿನಚರಿ, ಚಿಂತನೆಯ ಗಣಿ ಸಿಗಬಹುದು ಎಂದು ಕೈಗೆತ್ತಿಕೊಂಡವರಿಗೆ ನಿರಾಸೆ ಖಂಡಿತ. ಚುಟುಕು ಟಿಪ್ಪಣಿಗಳು: ಯಾರು ಬಂದರು, ಯಾರು ಹೋದರು, ಯಾರಿಗೆ ಜ್ವರ, ಯಾವ ಕಾಗದ ಮುಟ್ಟಿತು. ಸಾವೂ ಮೊಟಕು ಮಾತಿನಲ್ಲಿ ಮುಗಿಯುತ್ತದೆ. ನನಗೆ ಈ ಒಣ ಬರಹವೇ ಹೆಚ್ಚು ಬೆಲೆಯದ್ದೆನಿಸುತ್ತದೆ. ಅಚ್ಚಿಗಾಗಿ ಬರೆದ ವರದಿಯಲ್ಲಿ ಪಾದ್ರಿ ಓದುಗನನ್ನು ಮುಂದಿಟ್ಟುಕೊಂಡಿರುತ್ತಾನೆ. ದಿನಚರಿಯಲ್ಲಿ ಮುಂದಿರುವುದು ನಾಳೆ ಮತ್ತೆ ಬರೆಯಬೇಕಾದ ಖಾಲಿ ಸಾಲು ಮಾತ್ರ.

ವರದಿಗಳ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಬಾಸೆಲ್‌ನ ಆಡಳಿತ ಸಮಿತಿಗೆ ಪ್ರತಿ ಪಾದ್ರಿಯೂ ಕಾಲಕಾಲಕ್ಕೆ ವರದಿ ಕಳಿಸಬೇಕಿತ್ತು. ಅದರಿಂದ ಆಯ್ದ ಭಾಗಗಳು ಮಿಶನಿನ ಪತ್ರಿಕೆಗಳಲ್ಲಿ ಅಚ್ಚಾಗಿ ಹಳ್ಳಿಹಳ್ಳಿಯ ಪ್ರಾರ್ಥನಾ ಕೂಟಗಳಲ್ಲಿ ಓದಿಸಿಕೊಳ್ಳುತ್ತಿದ್ದವು. ಕೇಳುತ್ತಿದ್ದವರು ರೈತರು, ನೇಯ್ಗೆಯವರು, ವಿಧವೆಯರು, ಮಿಶನಿನ ಪೆಟ್ಟಿಗೆಗೆ ಚಿಲ್ಲರೆ ಹಾಕುತ್ತಿದ್ದವರು. ದುಡ್ಡು ಕೊಟ್ಟವರಿಗೆ ಕತ್ತಲಿನ ದೇಶವೊಂದು ಬೇಕಿತ್ತು, ಅಲ್ಲಲ್ಲಿ ಹತ್ತಿದ ದೀಪವೂ ಬೇಕಿತ್ತು. ನಮ್ಮ ಭೂತಕೋಲ, ನಾಗಾರಾಧನೆ, ಜಾತ್ರೆಗಳ ಬಗ್ಗೆ ಆ ವರದಿಗಳಲ್ಲಿ ಕಾಣುವ ಉರಿಮಾತುಗಳನ್ನು ಓದುವಾಗ, ಅದು ಮಂಗಳೂರನ್ನು ಕಂಡು ಬರೆದದ್ದೋ ವ್ಯುರ್ಟೆಂಬೆರ್ಗಿನ ಕಾಣಿಕೆ ಪೆಟ್ಟಿಗೆಯನ್ನು ನೆನೆದು ಬರೆದದ್ದೋ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ಅದೇ ಮಿಶನಿನ ಮೆನ್ನರ್ ಮುಂದೆ ತುಳು ಪಾಡ್ದನಗಳನ್ನು ಕೂಡಿಸಿದರು, 1886ರಲ್ಲಿ ತುಳು ನಿಘಂಟನ್ನೂ ಹೊರತಂದರು. ಬೈದ ಬಾಯಲ್ಲೇ ಆ ಹಾಡುಗಳು ಉಳಿದು ಬಂದವು.

ಕಾಗದಗಳಲ್ಲಿ ಇನ್ನೂ ಒಂದು ಬಗೆಯಿತ್ತು. ಅಣ್ಣ ತಮ್ಮಂದಿರಿಗೆ, ತಾಯಿಗೆ, ಗೆಳೆಯನ ಹೆಂಡತಿಗೆ ಬರೆದವು. ಇವನ್ನು ಯಾರೂ ಒಬ್ಬರೇ ಓದಿ ಮಡಚಿಡುತ್ತಿರಲಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಓದಿ, ನಕಲು ಮಾಡಿ, ಬೇರೆ ಊರಿನ ನೆಂಟರಿಗೂ ದಾಟಿಸುತ್ತಿದ್ದರು. ಗಂಡಸರು ಸಮಿತಿಗೆ ಬರೆಯದ ಸಂಗತಿಗಳನ್ನು ಹೆಂಗಸರು ತಂಗಿಗೆ ಬರೆದರು. ಬಸಿರು, ಬಾಣಂತನ, ಆಯಾ, ಹಾಲು, ಸೆಕೆ, ಬಟ್ಟೆಗೆ ಹಿಡಿದ ಬೂಸಲು. 19ನೇ ಶತಮಾನದ ಕರಾವಳಿಯ ಸಾಮಾನ್ಯ ದಿನವೊಂದು ಹೇಗಿತ್ತು ಎಂದು ತಿಳಿಯಬೇಕಾದರೆ ಧರ್ಮಶಾಸ್ತ್ರ ಓದಿದ ಗಂಡಸರಿಗಿಂತ ಈ ಹೆಂಗಸರನ್ನು ನಂಬುವುದು ಮೇಲು.

ಈ ಹೆಂಗಸರ ಬಾಳಿನ ಮೇಲೂ ಸಮಿತಿಯ ನೆರಳು ತಪ್ಪಲಿಲ್ಲ. ಬಾಸೆಲ್‌ನ ಪಾದ್ರಿ ಮದುವೆಯಾಗಲು ಸಮಿತಿಯ ಅಪ್ಪಣೆ ಬೇಕು. ಮೊದಲ ಎರಡು ವರ್ಷ ಕೇಳುವಂತೆಯೇ ಇಲ್ಲ. ಆಮೇಲೆ ಒಪ್ಪಿಗೆ ಸಿಕ್ಕರೆ ವಧುವನ್ನು ಅಲ್ಲಿಯೇ ಗೊತ್ತು ಮಾಡಿ ಹಡಗು ಹತ್ತಿಸುವುದೂ ಇತ್ತು. ಎಷ್ಟೋ ಹುಡುಗಿಯರು ಗಂಡನ ಮುಖವನ್ನು ಮೊದಲು ಕಂಡದ್ದು ಬಂದರಿನ ಕಟ್ಟೆಯ ಮೇಲೆ. ನಮ್ಮ ಅಜ್ಜಿಯರ ಮದುವೆಯ ಬಗ್ಗೆ ಆ ಪಾದ್ರಿಗಳು ಬರೆದ ಟೀಕೆ ಓದುವಾಗ ಈ ಸಂಗತಿ ನೆನಪಾಗಿ ನಗು ಬರುತ್ತದೆ. ವೈಗಲ್‌ನ ಹೆಂಡತಿ ಪೌಲೀನೆ ಬಾಕ್‌ಮೈಸ್ಟರ್‌ನ ಬಾಳು ಬೇರೆಯದೇ ತಿರುವು ಕಂಡಿತು. ಕನ್ನಡ ಸಾಹಿತ್ಯದ ಬಗ್ಗೆ 1848ರಷ್ಟು ಹಿಂದೆಯೇ ಜರ್ಮನ್ ವಿದ್ವತ್ ಪತ್ರಿಕೆಯಲ್ಲಿ ಬರೆದಿದ್ದ ವೈಗಲ್ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಮೊಗ್ಲಿಂಗ್ ಕೊಡಗಿಗೆ ಹೋಗಿದ್ದರು. ಗೆಳೆಯನ ವಿಧವೆಯನ್ನು ಅವರು ಮದುವೆಯಾದರು. ನಲವತ್ತು ದಾಟಿದ ಬ್ರಹ್ಮಚಾರಿಗೆ ಸಂಸಾರವೂ ಗೆಳೆಯನ ಮಕ್ಕಳ ಹೊಣೆಯೂ ಒಟ್ಟಿಗೆ ಬಂದವು.

ನಾಲ್ಕರ ವಯಸ್ಸಿನಲ್ಲಿ ಬಿಟ್ಟುಬಂದ ಮಗಳು

ಮರೀ ಹುಟ್ಟಿದ್ದು 1842ರ ಅಕ್ಟೋಬರ್ 18ರಂದು, ತಲಶ್ಶೇರಿಯಲ್ಲಿ. ಮೊದಲು ಕಿವಿಗೆ ಬಿದ್ದ ಮಾತು ಆಯಾಳ ಮಲಯಾಳ, ಅಮ್ಮನ ಫ್ರೆಂಚ್. 1846ರಲ್ಲಿ ಗುಂಡರ್ಟ್ ದಂಪತಿ ಊರಿಗೆ ಹೋದಾಗ ಅವಳನ್ನು ಕರೆದೊಯ್ದರು, ತಿರುಗಿ ಬರುವಾಗ ಕರೆತರಲಿಲ್ಲ. ಇದು ಗುಂಡರ್ಟರೊಬ್ಬರ ಕಠೋರತೆಯಲ್ಲ. ಮಿಶನಿನ ಮಕ್ಕಳನ್ನು ಆರೇಳು ವರ್ಷದೊಳಗೆ ಯುರೋಪಿಗೆ ಕಳಿಸುವುದೇ ವಾಡಿಕೆಯಾಗಿತ್ತು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಇಂಥ ಮಕ್ಕಳಿಗೆಂದೇ ಒಂದು ಮನೆ ತೆರೆದರು. ಕಾರಣಗಳು ಹಲವು: ಇಲ್ಲಿನ ಹವೆ, ಜ್ವರ, ಆಮಶಂಕೆ, ಓದು. ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಕಾಗದಗಳ ಸಂದಿಯಲ್ಲಿ ಇಣುಕುತ್ತದೆ. ಆಯಾಳ ಮಡಿಲಲ್ಲಿ ಬೆಳೆದ ಮಗು ಆಯಾಳ ಮಗುವೇ ಆಗಿಬಿಟ್ಟರೆ ಎಂಬ ಹೆದರಿಕೆ.

ನಾಲ್ಕು ವರ್ಷದ ಮಗುವಿಗೆ ಅಪ್ಪ ಅಮ್ಮ ಅಂದರೆ ಇನ್ನು ಮುಂದೆ ಕಾಗದ. ಸ್ಟುಟ್‌ಗಾರ್ಟ್ ಬಳಿಯ ಕೊರ್ನ್‌ಟಾಲ್ ಎಂಬ ಭಕ್ತರ ಊರಿನ ಕಟ್ಟುನಿಟ್ಟಿನ ಶಾಲೆಯಲ್ಲಿ ಮರೀ ಬೆಳೆದಳು. ಮಲಯಾಳ ಮರೆಯಿತು. ತಂದೆತಾಯಿಯ ಮುಖವೂ ಮಸುಕಾಗಿರಬೇಕು. 1857ರಲ್ಲಿ, ಹದಿನೈದರ ಹೊತ್ತಿಗೆ, ಮತ್ತೆ ಭಾರತಕ್ಕೆ ಹೊರಟಳು. ಉತ್ತರದಲ್ಲಿ ಸಿಪಾಯಿ ದಂಗೆ ಉರಿಯುತ್ತಿದ್ದ ವರ್ಷ ಅದು. ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಪರಿಚಯವಾಯಿತು, ಇಬ್ಬರೂ ಪ್ರೀತಿಸಿದರು. ಮದುವೆಯ ಮಾತು ಅಪ್ಪನ ಮುಂದೆ ಬಂದಾಗ ಗುಂಡರ್ಟ್ ಒಪ್ಪಲಿಲ್ಲ. ಹತ್ತು ವರ್ಷಕ್ಕೂ ಮೇಲೆ ಕಾಗದದಲ್ಲಷ್ಟೇ ಕಂಡಿದ್ದ ಅಪ್ಪ ಎದುರಿಗೆ ಸಿಕ್ಕಾಗ ಮಾಡಿದ ಮೊದಲ ದೊಡ್ಡ ಕೆಲಸ ಇದು. ಹುಡುಗಿ ಅತ್ತಳು, ಮುನಿದಳು, ಕೊನೆಗೆ ಅದನ್ನು ದೇವರ ಚಿತ್ತವೆಂದು ಒಪ್ಪಿಕೊಂಡಳು. ಒಪ್ಪಿಕೊಂಡೆನೆಂದು ಬರೆದಳು ಎನ್ನುವುದೇ ಸರಿ. ಎರಡರ ನಡುವೆ ಎಷ್ಟು ದೂರವಿತ್ತೆಂದು ಕಾಗದ ಹೇಳುವುದಿಲ್ಲ.

ಗುಂಡರ್ಟ್ ಆ ಹೊತ್ತಿಗೆ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳಿಗೆ ಸರಕಾರದ ಇನ್‌ಸ್ಪೆಕ್ಟರ್. ಮೇನೆಯಲ್ಲಿ, ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಊರೂರು ಸುತ್ತುವ ಕೆಲಸ. ಬಿಸಿಲಿಗೆ ಹೆದರಿ ರಾತ್ರಿಯಲ್ಲೇ ಹೆಚ್ಚು ಪ್ರಯಾಣ. ಮುಂದೆ ಪಂಜು ಹಿಡಿದವರು, ಹಿಂದೆ ಹೂಂಗುಟ್ಟುತ್ತ ಹೊರುವ ಬೋವಿಗಳು. ಮೇನೆಯೊಳಗಿನವರ ದಿನಚರಿ ಉಳಿದಿದೆ, ಹೊತ್ತವರ ಹೆಸರು ಉಳಿದಿಲ್ಲ. 1859ರಲ್ಲಿ ಆರೋಗ್ಯ ಕೆಟ್ಟು ಗುಂಡರ್ಟ್ ಜರ್ಮನಿಗೆ ಮರಳಿದರು. ಮರುವರ್ಷ ಜೂಲಿ ಮತ್ತು ಮರೀ ಹೊರಟರು. ಮೊಗ್ಲಿಂಗ್ ಕೂಡ ಭಾರತ ಬಿಟ್ಟದ್ದು ಅದೇ 1860ರಲ್ಲಿ. ಟ್ಯೂಬಿಂಗನ್‌ನ ಗೆಳೆಯರ ಕರಾವಳಿ ಅಧ್ಯಾಯ ಅಲ್ಲಿಗೆ ಮುಗಿಯಿತು.

ಮರೀಯ ಪ್ರಯಾಣ ಮಾತ್ರ ಮುಗಿಯಲಿಲ್ಲ. 1865ರಲ್ಲಿ ಚಾರ್ಲ್ಸ್ ಐಸೆನ್‌ಬೆರ್ಗ್ ಎಂಬ ಪಾದ್ರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸಂಸಾರ ಹೂಡಿದಳು. ಎರಡು ಗಂಡು ಮಕ್ಕಳಾದವು. ಗಂಡನಿಗೆ ಕಾಯಿಲೆ ಜೋರಾಗಿ ಯುರೋಪಿಗೆ ಮರಳಿದರು, 1870ರಲ್ಲಿ ಆತ ಸತ್ತ. ಇಪ್ಪತ್ತೇಳರ ವಿಧವೆ ಎರಡು ಮಕ್ಕಳೊಂದಿಗೆ ಕಪ್ಪು ಕಾಡಿನ ಅಂಚಿನ ಕಾಲ್ವ್ ಎಂಬ ಸಣ್ಣ ಊರಿಗೆ, ಅಪ್ಪನ ಮನೆಗೆ ಬಂದಳು. ಗುಂಡರ್ಟ್ ಅಲ್ಲಿ ಧಾರ್ಮಿಕ ಪುಸ್ತಕಗಳ ಪ್ರಕಾಶನ ಸಂಘವೊಂದನ್ನು ನಡೆಸುತ್ತಿದ್ದರು. ಮಗಳು ಅಪ್ಪನ ಬರವಣಿಗೆಗೆ ಕೈಯಾದಳು.

ಮಂಗಳೂರಿಗೆ ಬಂದ ಹೆಸ್ಸೆ

ಇತ್ತ 1869ರಲ್ಲಿ ಮಂಗಳೂರಿಗೆ ಒಬ್ಬ ಹೊಸ ಪಾದ್ರಿ ಬಂದ. ಬಾಲ್ಟಿಕ್ ಕಡಲಿನ ಎಸ್ತೋನಿಯಾದಲ್ಲಿ ಹುಟ್ಟಿದ ಜರ್ಮನ್, ಕಾಗದಪತ್ರದಲ್ಲಿ ರಷ್ಯಾದ ಪ್ರಜೆ, ವೈದ್ಯನ ಮಗ, ಇಪ್ಪತ್ತೆರಡು ವರ್ಷದ ಯೋಹಾನ್ನೆಸ್ ಹೆಸ್ಸೆ. ಆತ ಕಂಡ ಮಂಗಳೂರು ಗುಂಡರ್ಟರು ಕಂಡದ್ದಲ್ಲ. ಬಲ್ಮಠದ ಗುಡ್ಡದಲ್ಲಿ ಪಾದ್ರಿ ಶಾಲೆ, 1862ರ ಶಾಂತಿ ದೇವಾಲಯ, ಅಚ್ಚುಕೂಟ ಎಲ್ಲವೂ ನಿಂತಿದ್ದವು. ನೇಯ್ಗೆ ಕಾರ್ಖಾನೆಯ ಹಾಲ್ಲರ್ ಖಾಕಿ ಬಣ್ಣ ಹದಮಾಡಿ ಹೆಸರಾಗಿದ್ದರು. ಜೆಪ್ಪುವಿನ ಹೊಳೆ ಬದಿಯಲ್ಲಿ ಪ್ಲೆಬ್ಸ್ಟ್ 1865ರಲ್ಲಿ ತೊಡಗಿದ ಹಂಚಿನ ಕಾರ್ಖಾನೆ ಹೊಗೆಯಾಡುತ್ತಿತ್ತು, ಊರಿನ ಮುಳಿಮಾಡು ಒಂದೊಂದಾಗಿ ಕೆಂಪಾಗತೊಡಗಿತ್ತು. ಫರ್ಡಿನಂಡ್ ಕಿಟೆಲ್ ಕನ್ನಡ ನಿಘಂಟಿನ ಶಬ್ದಗಳನ್ನು ಕೂಡಿಹಾಕುತ್ತಿದ್ದ ವರ್ಷಗಳವು. ಅದೇ 1869ರ ಕೊನೆಗೆ ಸುಯೆಜ್ ಕಾಲುವೆ ತೆರೆದು, ಕಾಗದದ ಹಾದಿ ಇನ್ನಷ್ಟು ಹತ್ತಿರವಾಯಿತು.

1872ರಲ್ಲಿ ಈ ಊರಿನ ಮಿಶನ್ ಅಚ್ಚುಕೂಟದಿಂದ ಒಂದು ದಪ್ಪ ಪುಸ್ತಕ ಹೊರಬಂತು. ಗುಂಡರ್ಟರ ಮಲಯಾಳ–ಇಂಗ್ಲಿಷ್ ನಿಘಂಟು. ಬರೆದವರು ಕಾಲ್ವ್‌ನಲ್ಲಿ, ಮೊಳೆ ಜೋಡಿಸಿದವರು ಮಂಗಳೂರಿನಲ್ಲಿ. ಆ ವರ್ಷ ಮಂಗಳೂರು ಸೀಮೆಯಲ್ಲಿದ್ದ ಯೋಹಾನ್ನೆಸ್ ಹೆಸ್ಸೆಗೆ, ಈ ಪುಸ್ತಕದ ಕರ್ತೃ ತನ್ನ ಮಾವನಾಗುತ್ತಾನೆಂದು ಕನಸೂ ಬಿದ್ದಿರಲಿಕ್ಕಿಲ್ಲ. ಹವೆ ಆತನಿಗೂ ಒಗ್ಗಲಿಲ್ಲ. 1873ರಲ್ಲಿ ಊರಿಗೆ ಮರಳಿದಾಗ ಮಿಶನ್ ಆತನನ್ನು ಗುಂಡರ್ಟರ ಸಹಾಯಕನಾಗಿ ಕಾಲ್ವ್‌ಗೆ ಕಳಿಸಿತು. ಅಲ್ಲಿ ಮರೀ ಇದ್ದಳು. 1874ರಲ್ಲಿ ಮದುವೆ. 1877ರ ಜುಲೈ 2ರಂದು ಹೆರ್ಮನ್ ಹುಟ್ಟಿದ. ಗಂಡ ಹೆಂಡತಿ ಇಬ್ಬರೂ ಭಾರತದಲ್ಲಿ ಇದ್ದವರು, ಇಲ್ಲಿ ಒಮ್ಮೆಯೂ ಭೇಟಿಯಾದವರಲ್ಲ.

ಎದುರು ದಿಕ್ಕಿನ ಪಯಣಿಗ

ಈವರೆಗಿನ ಕತೆಯಲ್ಲೆಲ್ಲ ಬಂದವರು ಅವರು, ಹೋದವರು ಅವರು. ಮಂಗಳೂರಿನಿಂದ ಅತ್ತ ಹೋದವನೂ ಒಬ್ಬನಿದ್ದ. ಆನಂದರಾವ್ ಕೌಂಡಿನ್ಯ, 1825ರಲ್ಲಿ ಇಲ್ಲಿಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವನು. 1844ರ ಜನವರಿಯಲ್ಲಿ ಇಬ್ಬರು ಗೆಳೆಯರೊಂದಿಗೆ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗಲಭೆ. ದೀಕ್ಷಾಸ್ನಾನದಲ್ಲಿ ಹೆರ್ಮನ್ ಎಂಬ ಹೆಸರು ಸೇರಿತು, ಮೊಗ್ಲಿಂಗರ ಗೌರವಕ್ಕೆ. (ಈ ಲೇಖನದಲ್ಲಿ ಹೆರ್ಮನ್ನರು ನಾಲ್ವರಾದರು. ಓದುಗರು ಕ್ಷಮಿಸಬೇಕು, ತಪ್ಪು ಜರ್ಮನ್ನರದು.) 1846ರಲ್ಲಿ ಮೊಗ್ಲಿಂಗರೊಂದಿಗೆ ಬಾಸೆಲ್‌ಗೆ ಹೋಗಿ, ಐದು ವರ್ಷ ಓದಿ, 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಊರಿಗೆ ಬಂದ. ಪಾದ್ರಿ ಶಾಲೆಯಲ್ಲಿ ಕಲಿಸಿದ. ಕೊಡಗಿನಲ್ಲಿ ಆನಂದಪುರ ಎಂಬ ನೆಲೆ ಅವನ ಹೆಸರಿನಲ್ಲೇ ಎದ್ದಿತು.

ಕಾಲಗಣನೆ ನೋಡಿ. ತಲಶ್ಶೇರಿಯಲ್ಲಿ ಹುಟ್ಟಿದ ನಾಲ್ಕು ವರ್ಷದ ಮರೀಯನ್ನು ಜರ್ಮನಳಾಗಿ ಬೆಳೆಸಲು ಅಲ್ಲಿ ಬಿಟ್ಟ ವರ್ಷ ಮತ್ತು ಮಂಗಳೂರಿನ ಇಪ್ಪತ್ತೊಂದರ ತರುಣ ಬಾಸೆಲ್‌ನ ಶಾಲೆ ಹೊಕ್ಕ ವರ್ಷ ಒಂದೇ. ಅವಳು ಆಯಾಳ ಭಾಷೆ ಮರೆಯುತ್ತಿದ್ದಾಗ ಇವನು ಜರ್ಮನ್, ಗ್ರೀಕ್ ಕಲಿಯುತ್ತಿದ್ದ.

ಆನಂದರಾಯನಿಗೆ ಹೆಂಡತಿಯಿದ್ದಳು. ಹೆಸರು ಲಕ್ಷ್ಮಿ. ಗಂಡನ ಜೊತೆ ಅವಳು ಹೋಗಲಿಲ್ಲ. ಪಾದ್ರಿಗಳು ಕರೆದರು, ಆತ ಕಾದ, ಅವಳು ಬರಲಿಲ್ಲ. 1860ರಲ್ಲಿ ಆತ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಂಗಸನ್ನು ಮದುವೆಯಾದ. ಬಿಳಿಯ ಹೆಂಗಸು ಕಂದು ಬಣ್ಣದ ಪಾದ್ರಿಯ ಕೈಹಿಡಿದದ್ದು ಆ ಕಾಲಕ್ಕೆ ಇಲ್ಲಿಯೂ ಅಲ್ಲಿಯೂ ಸಣ್ಣ ಸಂಗತಿಯಾಗಿರಲಿಲ್ಲ. ಇದನ್ನೆಲ್ಲ ನಾವು ತಿಳಿದಿರುವುದು ಪಾದ್ರಿಗಳ ಬರಹದಿಂದ. ಆ ಬರಹದಲ್ಲಿ ಲಕ್ಷ್ಮಿ ಹಟಮಾರಿ ಬಳಗದ ಕೈಗೊಂಬೆ. ಗಂಡ ಒಂದು ಬೆಳಗ್ಗೆ ಜಾತಿ, ಮನೆ, ಊಟ ಎಲ್ಲ ಬಿಟ್ಟು ಗುಡ್ಡದ ಮೇಲಿನ ಬಂಗಲೆ ಸೇರಿದಾಗ ಹೆಂಡತಿಗೆ ಉಳಿದ ದಾರಿ ಯಾವುದು, ವಿಧವೆಯಲ್ಲದೆಯೂ ವಿಧವೆಯಂತೆ ಅವಳು ಎಷ್ಟು ವರ್ಷ ಒಲೆಯ ಮುಂದೆ ಕೂತಳು, ಗಂಡನ ಎರಡನೇ ಮದುವೆಯ ಸುದ್ದಿ ಅವಳಿಗೆ ಯಾರು ಹೇಳಿದರು, ಈ ಪ್ರಶ್ನೆಗಳಿಗೆ ಬಾಸೆಲ್‌ನ ಕಪಾಟಿನಲ್ಲಿ ಜಾಗವಿಲ್ಲ. ಗುಂಡರ್ಟ್ ಸಂಸಾರದ ಹೆಂಗಸರು ಬರೆಯಬಲ್ಲವರಾದ್ದರಿಂದ ಅವರ ಅಳು ನಮಗೆ ಕೇಳುತ್ತದೆ. ಕಾಗದದಲ್ಲಿ ಬಾಳಿದವರ ಕತೆ ಓದಿ ಮರುಗುವ ಮಂಗಳೂರಿಗ, ಕಾಗದವಿಲ್ಲದೆ ಬಾಳಿದವರ ಕಡೆಗೂ ಒಂದು ಕಣ್ಣಿಟ್ಟಿರಬೇಕು. ಗುಂಡರ್ಟರಿಗೆ, ಮೊಗ್ಲಿಂಗರಿಗೆ ಭಾಷೆ ಕಲಿಸಿದ ಮುನ್ಶಿಗಳು, ಮರೀಯನ್ನು ಎತ್ತಿ ಆಡಿಸಿದ ಆಯಾ, ನಿಘಂಟಿನ ಮೊಳೆ ಜೋಡಿಸಿದ ಬಲ್ಮಠದ ಹುಡುಗರು ಇವರೆಲ್ಲ ಅದೇ ಸಾಲಿನವರು.

ತಲೆಮಾರಿನಿಂದ ತಲೆಮಾರಿಗೆ ಸೋಸಿದ್ದು

ಈ ಸಂಸಾರದ ಇನ್ನೊಂದು ಚಾಳಿ ಹೇಳದಿದ್ದರೆ ಆಗದು. ಸತ್ತವರ ಕಾಗದ ಕೂಡಿಸಿ ಪುಸ್ತಕ ಮಾಡುವುದು. 1881ರಲ್ಲಿ ಮೊಗ್ಲಿಂಗ್ ತೀರಿಕೊಂಡರೆ ಮರುವರ್ಷವೇ ಗುಂಡರ್ಟ್ ಗೆಳೆಯನ ಜೀವನ ಚರಿತ್ರೆ ಬರೆದರು. 1893ರಲ್ಲಿ ಗುಂಡರ್ಟ್ ಹೋದರೆ ಮರುವರ್ಷ ಅಳಿಯ ಯೋಹಾನ್ನೆಸ್ ಮಾವನ ಬಾಳು ಬರೆದ. ಮರೀ 1902ರಲ್ಲಿ ತೀರಿಕೊಂಡಳು. ಮಗಳು ಆಡೆಲೆ ಅಮ್ಮನ ಪತ್ರ, ದಿನಚರಿಗಳನ್ನು ಆಯ್ದು 1934ರಲ್ಲಿ ಪುಸ್ತಕವಾಗಿಸಿದಳು. ಪ್ರತಿ ತಲೆಮಾರೂ ಹಿಂದಿನದನ್ನು ಸೋಸಿತು. ಭಕ್ತಿ ಉಳಿಯಿತು, ಬೇಸರ ಚರಟವಾಗಿ ಹೋಯಿತು. ಜಗಳ, ಸಾಲ, ಸಂಶಯಗಳು ಅಚ್ಚಿಗೆ ಬರುವಷ್ಟರಲ್ಲಿ ತೆಳ್ಳಗಾದವು.

ಸೋಸುವಿಕೆಗೆ ಸಿಗದೆ ಉಳಿದವನು ಮೊಮ್ಮಗ. ಹದಿನಾಲ್ಕರ ಹೆರ್ಮನ್ ಹೆಸ್ಸೆ 1892ರ ಮಾರ್ಚ್‌ನಲ್ಲಿ ಮೌಲ್‌ಬ್ರಾನ್‌ನ ಧರ್ಮಶಾಲೆಯಿಂದ ಓಡಿಹೋದ. ಅರವತ್ತು ವರ್ಷ ಹಿಂದೆ ಅಜ್ಜ ಓದಿದ್ದ ಶಾಲೆಯೇ ಅದು. ಮನೆಯವರು ಅವನನ್ನು ಸ್ಟೆಟ್ಟೆನ್‌ನ ಮನೋರೋಗಿಗಳ ಆಶ್ರಮಕ್ಕೆ ಸೇರಿಸಿದರು. ಅಲ್ಲಿಂದ ಅಪ್ಪನಿಗೆ ಅವನು ಬರೆದ ಕಾಗದಗಳು ಬೆಂಕಿ. ಮನೆತನದ ರೂಢಿಯಂತೆ ಅವನ್ನೂ ಯಾರೂ ಹರಿದೆಸೆಯಲಿಲ್ಲ. ಹೆಸ್ಸೆ ಸತ್ತ ಮೇಲೆ 1966ರಲ್ಲಿ ಹೆಂಡತಿ ನಿನೊನ್ ಅವನ್ನು ಸಂಪಾದಿಸಿ ಹೊರತಂದಾಗ, ದೇವಭಕ್ತ ಮನೆಯ ಒಳಗೇನಿತ್ತೆಂದು ಲೋಕಕ್ಕೆ ಗೊತ್ತಾಯಿತು. ಓಡಿಹೋಗಿ ಸಿಕ್ಕಿಬಿದ್ದ ಹುಡುಗ ಅಜ್ಜನ ಮುಂದೆ ಗ್ರಹಚಾರ ಬಿಡಿಸಿಕೊಳ್ಳಲು ಹೋದರೆ, ಮುದುಕ ಗುಂಡರ್ಟ್ ಬಯ್ಯಲಿಲ್ಲ. ನಕ್ಕು, ಪ್ರತಿಭಾವಂತರು ಕೈಗೊಳ್ಳುವ ಯಾತ್ರೆಗೆ ಹೋಗಿದ್ದೆಯಂತಲ್ಲ ಎಂಬ ಅರ್ಥದ ಮಾತಾಡಿದರಂತೆ. ಮಗಳ ಪ್ರೀತಿಗೆ ಅಡ್ಡ ನಿಂತ ಮನುಷ್ಯ ಮೂವತ್ತೈದು ವರ್ಷದಲ್ಲಿ ಇಷ್ಟು ಮೆತ್ತಗಾದರೋ, ಗಂಡು ಮಕ್ಕಳಿಗೆ ಸಿಗುವ ರಿಯಾಯಿತಿ ಅದೋ.

1911ರಲ್ಲಿ ಹೆಸ್ಸೆ ಚಿತ್ರಕಾರ ಗೆಳೆಯ ಹಾನ್ಸ್ ಸ್ಟುರ್ಟ್ಸೆನೆಗರ್‌ನೊಂದಿಗೆ ಪೂರ್ವಕ್ಕೆ ಹೊರಟ. ಸಿಲೋನ್, ಸಿಂಗಾಪುರ, ಸುಮಾತ್ರಾ ಕಂಡ, ಕಾಯಿಲೆ ಬಿದ್ದ, ಹಿಂದಿರುಗಿದ. ಅಜ್ಜಿ ಶಾಲೆ ನಡೆಸಿದ ತಲಶ್ಶೇರಿಗೆ, ಅಪ್ಪ ಇಳಿದ ಮಂಗಳೂರಿಗೆ ಬರಲೇ ಇಲ್ಲ. ಮೂರು ತಲೆಮಾರಿನಲ್ಲಿ ಭಾರತದ ಹೆಸರಿನಿಂದ ಹೆಚ್ಚು ಪ್ರಸಿದ್ಧನಾದವನು ಭಾರತದ ನೆಲ ಮೆಟ್ಟದವನು. ‘ಸಿದ್ಧಾರ್ಥ’ದ ಭಾರತ ಅವನಿಗೆ ಸಿಕ್ಕಿದ್ದು ಅಜ್ಜನ ಗಾಜಿನ ಕಪಾಟಿನ ವಿಗ್ರಹಗಳಿಂದ, ಪುಸ್ತಕಗಳಿಂದ, ಅಮ್ಮನ ನೆನಪುಗಳಿಂದ.

ಗುಂಡರ್ಟರ ಹಸ್ತಪ್ರತಿಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 1986ರಲ್ಲಿ ಮಲಯಾಳ ವಿದ್ವಾಂಸ ಸ್ಕಾರಿಯಾ ಝಕಾರಿಯಾ ಅವುಗಳ ಬೆನ್ನುಹತ್ತಿ ಮಲಯಾಳ ಲೋಕಕ್ಕೆ ತೋರಿಸಿದರು. 2018ರಲ್ಲಿ ಅವು ಅಂತರ್ಜಾಲಕ್ಕೆ ಬಂದವು, ಮಲಯಾಳದ ಜೊತೆ ಕನ್ನಡದ ಕೆಲವೂ ಇವೆ. ಕೇರಳ ಇದನ್ನು ಚೆನ್ನಾಗಿ ಬಳಸಿಕೊಂಡಿದೆ, ಇಲ್ಲಿಕುನ್ನಿನ ಬಂಗಲೆ ಈಗ ನೋಡುವ ತಾಣ. ನಮ್ಮ ಕಡೆ ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ದ ಕಾಲದಿಂದಲೂ ಮಿಶನಿನ ಬರಹಗಳನ್ನು ಜಾಲಾಡಿ ದಾರಿ ಮಾಡಿಕೊಟ್ಟಿದ್ದಾರೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಕೋಣೆಯಲ್ಲಿ ಹಳೆಯ ಅಚ್ಚಿನ ರಾಶಿಯೇ ಇದೆ. ಆದರೆ ಮಂಗಳೂರಿನಿಂದ ಹೋದ ಕೈಬರಹದ ವರದಿ, ಪತ್ರಗಳ ದೊಡ್ಡ ಗಂಟು ಇರುವುದು ಬಾಸೆಲ್‌ನ ದಾಖಲೆಮನೆಯಲ್ಲಿ. ಅದು ಕುರೆಂಟ್ ಎಂಬ ಹಳೆಯ ಜರ್ಮನ್ ಕೂಡುಬರಹ. ಇಂದಿನ ಜರ್ಮನ್ನರಿಗೇ ಓದಲು ಬಾರದು, ತರಬೇತಿ ಬೇಕು. ಕಾಗದ ಉಳಿಸಲು ಎರಡೂ ಮಗ್ಗುಲಿಗೆ ಒತ್ತೊತ್ತಾಗಿ ಬರೆದದ್ದರಿಂದ ಶಾಯಿ ಹಿಂದಿನಿಂದ ಮುಂದಕ್ಕೆ ಇಳಿದಿದೆ. ಆನಂದರಾವ್ ಕೌಂಡಿನ್ಯ ಸಮಿತಿಗೆ ಬರೆದ ವರದಿಗಳು ಸೇರುತ್ತಿದ್ದದ್ದೂ ಅಲ್ಲಿಗೇ. ಮಂಗಳೂರಿನ ಕೊಂಕಣಿ ಮನೆಯ ಹುಡುಗನ ಕೈಬರಹ ಓದಲು ಮೊದಲು ಈ ಜರ್ಮನ್ ಲಿಪಿಯನ್ನು ಕಲಿಯಬೇಕಾಗಿದೆ. ಎಂಜಿನಿಯರಿಂಗ್ ಓದಲು ಜರ್ಮನಿಗೆ ಹೋಗುವ ಆಸೆಯಿಂದ ಸಂಜೆ ತರಗತಿಗಳಲ್ಲಿ ಜರ್ಮನ್ ಕಲಿಯುವ ಮಕ್ಕಳು ಮಂಗಳೂರಿನಲ್ಲಿ ಈಗ ಇದ್ದಾರೆ. ಅವರಲ್ಲಿ ಒಬ್ಬಿಬ್ಬರಿಗೆ ಈ ಲಿಪಿಯ ಹುಚ್ಚು ಹಿಡಿಸಲು ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಒಂದು ಸಣ್ಣ ಫೆಲೋಶಿಪ್ಪಿನ ಖರ್ಚು ಸಾಕು.